ತಾತ್ವಿಕವಾಗಿ ಈ ಸೇತುವೆ ಮುಳುಗಿಲ್ಲ

ಒಂದು ರಸ್ತೆ ಹಾಳಾಗಲು ಮಳೆ ಬೇಕಿಲ್ಲ, ಕಂಠಮಟ್ಟ ಮರಳು ತುಂಬಿದ ಲಾರಿಯೂ ಬೇಕಿಲ್ಲ. ಅದನ್ನು ಮೇಲ್ದರ್ಜೆಗೇರಿಸುತ್ತೇವೆ ಎಂದು ಯಾರಾದರೂ ವೇದಿಕೆಯ ಮೇಲಿಂದ ಘೋಷಿಸಿಬಿಟ್ಟರೆ ಸಾಕು. ಅವತ್ತಿನಿಂದ ಆ ರಸ್ತೆಗೆ ಒಂದು ಬುಟ್ಟಿ ಜಲ್ಲಿ ಬೀಳುವುದಿಲ್ಲ. ಅದರ ಮೇಲೊಂದು ಮೇಲ್ಮಟ್ಟದ ಹೊಸ ಸೇತುವೆಯೂ ಮಂಜೂರಾಯಿತೆನ್ನಿ, ಹಳೆಯ ಸೇತುವೆಯ ಕೊಚ್ಚಿಹೋದ ಕಂಬಿಗಳನ್ನು ಮತ್ತೆ ಕೂರಿಸುವ ಮಾತೇ ಇಲ್ಲ.

ಬೆಳಗಾವಿ ಜಿಲ್ಲೆಯ ನದಿದಂಡೆಯ ಊರುಗಳಲ್ಲಿ ಈ ಸಂಭಾಷಣೆ ಎಷ್ಟು ಸಲ ನಡೆದಿದೆಯೋ ದೇವರೇ ಬಲ್ಲ:

"ಸಾಹೇಬ್ರ, ಸೇತುವಿ ಮ್ಯಾಲಿನ ತಗ್ಗರೆ ಮುಚ್ಚಸ್ರಿ."

"ಅದನ್ನೇನ್ ಮುಚ್ಚೂದ್ರಿ ಯಜಮಾನ್ರ, ಹೊಸಾದು ಮಂಜೂರ್ ಆಗೇತಲ್ಲ."

"ಯಾವಾಗ ಬರ್ತೈತ್ರಿ ಅದು?"

"ತಾತ್ವಿಕವಾಗಿ ಬಂದೈತಿ."

ಯಜಮಾನರು ನಗುವ ಅಗತ್ಯವಿಲ್ಲ. ಸಾಹೇಬರು ಸುಳ್ಳು ಹೇಳಿಲ್ಲ. ರಾಜ್ಯ ಹೆದ್ದಾರಿಯೊಂದನ್ನು ರಾಷ್ಟ್ರೀಯ ಹೆದ್ದಾರಿ ಮಾಡಲು ಕೇಂದ್ರ ಮೊದಲು ತಾತ್ವಿಕ ಒಪ್ಪಿಗೆ ಕೊಡುತ್ತದೆ. ಆಮೇಲೆ ವಿಸ್ತೃತ ಯೋಜನಾ ವರದಿ (ಡಿಪಿಆರ್), ಆಮೇಲೆ ಎಂದಾದರೊಂದು ದಿನ ಗೆಜೆಟ್ ಅಧಿಸೂಚನೆ. ನಡುವಿನ ಅವಧಿಯಲ್ಲಿ ರಸ್ತೆ ಯಾರದು ಎಂದು ಕೇಳಿ ನೋಡಿ. ಲೋಕೋಪಯೋಗಿಯವರು, ಅದು ಕೇಂದ್ರಕ್ಕೆ ಹೋಯಿತು ಅನ್ನುತ್ತಾರೆ. ಹೆದ್ದಾರಿಯವರು, ನಮಗಿನ್ನೂ ಬಂದಿಲ್ಲ ಅನ್ನುತ್ತಾರೆ. ಹೋಗಿದೆ, ಆದರೆ ಬಂದಿಲ್ಲ. ಇಂಥದ್ದೊಂದು ಸ್ಥಿತಿಯನ್ನು ನಮ್ಮ ವೇದಾಂತಿಗಳೂ ಊಹಿಸಿರಲಿಲ್ಲ. ರಸ್ತೆಯಾದರೋ ಅಲ್ಲೇ ಬಿದ್ದುಕೊಂಡಿರುತ್ತದೆ.

ಈ ಅವಧಿಯಲ್ಲಿ ಆಗುವ ಕಾಮಗಾರಿ ಇಲ್ಲವೇ ಇಲ್ಲ ಎಂದರೆ ಅಪಚಾರವಾದೀತು. ಕಿಲೋಮೀಟರ್ ಕಲ್ಲುಗಳಿಗೆ ಬಣ್ಣ ಬಳಿಯುವ ಉತ್ಸಾಹಿಗಳಿದ್ದಾರೆ. ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ, ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ. ನಾಲ್ಕು ಕಲ್ಲಿಗೆ ಹಳದಿ ಬಳಿಯುವಷ್ಟರಲ್ಲಿ ಡಬ್ಬಿ ಖಾಲಿಯಾಗಿರುತ್ತದೆ, ಐದನೆಯದರ ಹಸಿರಿನ ಮೇಲೆ ಎರಡು ಹಳದಿ ಗೀಟು. ಕಲ್ಲು ಅಲ್ಲಿಂದ ಕದಲಿಲ್ಲ, ಊರಿನ ದೂರ ಕಡಿಮೆಯಾಗಿಲ್ಲ, ದರ್ಜೆ ಮಾತ್ರ ಏರಿದೆ. ಇದರ ಮಹಾ ಆವೃತ್ತಿ 2010ರಲ್ಲಿ ನಡೆದಿತ್ತು, ದೇಶದ ಹೆದ್ದಾರಿಗಳಿಗೆಲ್ಲ ಮರುಸಂಖ್ಯೆ ಕೊಟ್ಟಾಗ. ಬೆಂಗಳೂರು–ಮಂಗಳೂರಿನ 48 ಹೋಗಿ 75 ಆಯಿತು. ಖಾಲಿ ಬಿದ್ದ 48 ಅನ್ನು ಪುಣೆ–ಹುಬ್ಬಳ್ಳಿ–ಬೆಂಗಳೂರಿನ ಹಳೆಯ 4ಕ್ಕೆ ಕೊಟ್ಟರು. ಕರಾವಳಿಯ 17 ಹೋಗಿ 66 ಆಯಿತು. ಶಿರಾಡಿ ಘಾಟಿಯ ಗುಡ್ಡಕ್ಕೆ ಈ ಬದಲಾವಣೆ ಇನ್ನೂ ತಿಳಿದಂತಿಲ್ಲ. 48 ಇದ್ದಾಗ ಕುಸಿಯುತ್ತಿದ್ದ ಹಾಗೆಯೇ 75ರ ಮೇಲೂ ಕುಸಿಯುತ್ತಿದೆ.

ಇನ್ನು ಸೇತುವೆ. ಮಹಾರಾಷ್ಟ್ರದ ಘಟ್ಟದಲ್ಲಿ ನಾಲ್ಕು ದಿನ ಜೋರು ಮಳೆಯಾದರೆ ಚಿಕ್ಕೋಡಿ, ನಿಪ್ಪಾಣಿ ಕಡೆಯ ವರದಿಗಾರರು ಹೊಸದಾಗಿ ಏನೂ ಬರೆಯಬೇಕಿಲ್ಲ. ಕೃಷ್ಣೆಯ ಮೇಲಿನ ಕಲ್ಲೋಳ–ಯಡೂರ, ದೂಧಗಂಗೆಯ ಮಲಿಕವಾಡ–ದತ್ತವಾಡ, ವೇದಗಂಗೆಯ ಭೋಜವಾಡಿ–ಕುನ್ನೂರ: ಹೋದ ವರ್ಷದ ಸುದ್ದಿಯ ದಿನಾಂಕ ತಿದ್ದಿದರೆ ಮುಗಿಯಿತು, 'ಕೆಳಹಂತದ ಸೇತುವೆಗಳು ಜಲಾವೃತ'. ತುಂಗಭದ್ರಾ ಜಲಾಶಯದ ಗೇಟು ಎತ್ತಿದರೆ ಕಂಪ್ಲಿ–ಗಂಗಾವತಿ ಸೇತುವೆಯ ಪಾಳಿ. ಆಡಳಿತದ ಸನ್ನದ್ಧತೆಯೂ ಎಲ್ಲ ಕಡೆ ಒಂದೇ ಮಾದರಿ. ಎರಡು ಬ್ಯಾರಿಕೇಡು, ಅವು ಸಾಲದಿದ್ದರೆ ಅಡ್ಡಕ್ಕೆ ಮುಳ್ಳುಕಂಟಿ, ಕೊಡೆ ಹಿಡಿದ ಒಬ್ಬ ಹೋಂಗಾರ್ಡ್. ಆ ಹೋಂಗಾರ್ಡಿನ ಕೆಲಸ ನೀರು ತಡೆಯುವುದಲ್ಲ, ನೀರಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವವರನ್ನು ತಡೆಯುವುದು. ಅದು ಇನ್ನೂ ಕಷ್ಟದ ಕೆಲಸ.

ಹಾಗೆ ನೋಡಿದರೆ ಮುಳುಗುವ ಸೇತುವೆಯದು ತಪ್ಪಲ್ಲ. ಮುಳುಗಲೆಂದೇ ಕಟ್ಟುವ ಸೇತುವೆಗಳಿಗೆ ರಸ್ತೆ, ಸೇತುವೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಪ್ರತ್ಯೇಕ ಮಾರ್ಗಸೂಚಿಯೇ ಇದೆ. ಸಣ್ಣ ರಸ್ತೆ, ಕಡಿಮೆ ಓಡಾಟ, ವರ್ಷಕ್ಕೆ ಕೆಲವು ದಿನ ಬಂದ್ ಆದರೂ ನಡೆದೀತು ಎಂಬ ಲೆಕ್ಕದಲ್ಲಿ ಅಗ್ಗವಾಗಿ ಕಟ್ಟುವಂಥದ್ದು. ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಅದೇ ಸಣ್ಣ ರಸ್ತೆಯನ್ನು ಜಿಲ್ಲಾ ಮುಖ್ಯರಸ್ತೆ ಮಾಡಿದರು, ರಾಜ್ಯ ಹೆದ್ದಾರಿ ಮಾಡಿದರು, ಈಗ ತಾತ್ವಿಕವಾಗಿ ರಾಷ್ಟ್ರೀಯ ಹೆದ್ದಾರಿ ಮಾಡಿದ್ದಾರೆ. ಪಾಪದ ಸೇತುವೆ ಮೂರು ಬಡ್ತಿ ಪಡೆದೂ ಹಳೆಯ ಸಂಬಳದಲ್ಲೇ ದುಡಿಯುತ್ತಿದೆ.

ಹೊಸ ಸೇತುವೆಗೆ ಮೊದಲು ಡಿಪಿಆರ್ ಆಗಬೇಕು. ಅದಕ್ಕೆ ಮೊದಲು ಡಿಪಿಆರ್ ಮಾಡುವವರನ್ನು ಹುಡುಕುವ ಟೆಂಡರ್ ಆಗಬೇಕು. ಸಲಹೆಗಾರ ಕಂಪನಿ ಸಿಕ್ಕ ಮೇಲೆ ವಾಹನ ಗಣತಿ. ಏಳು ದಿನ, ಹಗಲು ರಾತ್ರಿ, ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹುಡುಗರು ಗೀಟು ಹಾಕುತ್ತಾರೆ. ಇಲ್ಲಿ ವಾಹನಗಳೆಲ್ಲ ಸಮಾನವಲ್ಲ, ಪ್ರತಿಯೊಂದಕ್ಕೂ ಕಾರಿನ ಲೆಕ್ಕದಲ್ಲಿ ಒಂದು ತೂಕವಿದೆ. ಗ್ರಾಮೀಣ ರಸ್ತೆಗಳಿಗೆ ಐಆರ್‌ಸಿ 1990ರಲ್ಲಿ ಕೊಟ್ಟ ಪಟ್ಟಿಯಂತೆ ಕಾರು 1, ಬೈಕು ಅರ್ಧ, ಲಾರಿ 3, ಟ್ರೇಲರ್ ಸಹಿತ ಟ್ರ್ಯಾಕ್ಟರ್ 4.5, ಎತ್ತಿನ ಗಾಡಿ 8. ಅಂದರೆ ಎರಡು ಲಾರಿ ಸೇರಿದರೂ ಒಂದು ಎತ್ತಿನ ಗಾಡಿಯ ಘನತೆಗೆ ಸಮವಲ್ಲ. ಕಬ್ಬಿನ ಹಂಗಾಮಿನಲ್ಲಿ ಗಣತಿ ನಡೆದರೆ ಕಾರ್ಖಾನೆಗೆ ಹೊರಟ ಗಾಡಿಗಳ ಸಾಲೇ ಚತುಷ್ಪಥವನ್ನು ಎಳೆದು ತರಬಲ್ಲದು. ಅದೇ ಗಣತಿ ಜುಲೈ ಕೊನೆಯಲ್ಲಿ ನಡೆಯಿತೋ, ಸೇತುವೆ ನೀರಿನಲ್ಲಿ, ವಾಹನ ಸೊನ್ನೆ. ಬೇಡಿಕೆಯೇ ಇಲ್ಲದ ಕಡೆ ಸೇತುವೆ ಯಾಕೆ ಎಂದು ಹಣಕಾಸು ಇಲಾಖೆ ಕೇಳಿದರೆ ತಪ್ಪು ಹುಡುಕಲಾಗದು.

ಮೇಲ್ಮಟ್ಟದ ಸೇತುವೆ ಅಂದ ಮೇಲೆ ಎಷ್ಟು ಮೇಲೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ಪುಸ್ತಕದಲ್ಲಿದೆ. ಸೆಕೆಂಡಿಗೆ 3000 ಘನ ಮೀಟರಿಗಿಂತ ಹೆಚ್ಚು ನೀರು ಹರಿಯುವ ನದಿಯಾದರೆ, ಗರಿಷ್ಠ ಪ್ರವಾಹ ಮಟ್ಟದಿಂದ ಮೇಲೆ ಇನ್ನೂ 1500 ಮಿಲಿಮೀಟರ್ ಬಿಟ್ಟು ಸೇತುವೆಯ ತಳ ಬರಬೇಕು. ಸರಳ. ತೊಡಕು ಇಷ್ಟೇ: ಇಲಾಖೆ ಎಚ್‌ಎಫ್‌ಎಲ್ ಎಂದು ಕರೆಯುವ ಆ ಮಟ್ಟವನ್ನು ನಿರ್ಧರಿಸುವ ಅಧಿಕಾರ ನದಿಯ ಬಳಿ ಇದೆ, ಮತ್ತು ನದಿ ಯಾವ ಇಲಾಖೆಯ ಅಧೀನದಲ್ಲೂ ಇಲ್ಲ. 2005ರ ಪ್ರವಾಹದ ಗುರುತು ಹಿಡಿದು ವರದಿ ತಯಾರಾಗುತ್ತದೆ. ವರದಿ ವಿಭಾಗ ಕಚೇರಿಯಿಂದ ವೃತ್ತ ಕಚೇರಿಗೆ, ಅಲ್ಲಿಂದ ಮುಖ್ಯ ಇಂಜಿನಿಯರ್ ಕಚೇರಿಗೆ ಏರುವಷ್ಟರಲ್ಲಿ ಇಲಾಖೆ ಎಸ್‌ಆರ್ ಎನ್ನುವ ದರಪಟ್ಟಿ ಬದಲಾಗಿರುತ್ತದೆ. ಹೊಸ ಎಸ್‌ಆರ್ ಪ್ರಕಾರ ಅಂದಾಜು ಪರಿಷ್ಕರಿಸಿ ಎಂದು ಕಡತ ಕೆಳಗೆ ಬರುತ್ತದೆ. ಮೊತ್ತ ಹೆಚ್ಚಿತಲ್ಲ, ಮತ್ತೆ ಆಡಳಿತಾತ್ಮಕ ಅನುಮೋದನೆ ಬೇಕು. ಅನುಮೋದನೆ ಸಹಿಗೆ ಕಾಯುತ್ತಿರುವಾಗ 2019ರ ಆಗಸ್ಟ್ ಬಂದು ಹಳೆಯ ಗುರುತನ್ನು ನೀರಿನಡಿ ಹಾಕುತ್ತದೆ. ಹೊಸ ಎಚ್‌ಎಫ್‌ಎಲ್, ಹೊಸ ಎತ್ತರ, ಹೊಸ ಅಂದಾಜು. ಅದು ಮೇಲೇರುವಾಗ ಮತ್ತೆ ಎಸ್‌ಆರ್. ನಂತರ 2021. ನದಿ ಮತ್ತು ದರಪಟ್ಟಿ ಇವೆರಡೇ ಈ ಯೋಜನೆಯಲ್ಲಿ ನಿಜವಾಗಿಯೂ ಮೇಲೇರಿರುವುದು.

ಇದಕ್ಕೊಂದು ಇತ್ಯರ್ಥ ಆಗಬೇಕು. ನದಿಗೆ ನೇರವಾಗಿ ನೋಟಿಸ್ ಕೊಡುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಕರಡನ್ನು ಸಾರ್ವಜನಿಕ ಹಿತದೃಷ್ಟಿಯಿಂದ ನಾನೇ ಸಿದ್ಧಪಡಿಸಿದ್ದೇನೆ:

ಇವರಿಗೆ: ಕೃಷ್ಣಾ ನದಿ, ಮೂಲ ಮಹಾಬಲೇಶ್ವರ, ಹಾಲಿ ವಾಸ ನದಿಪಾತ್ರ, ಮಳೆಗಾಲದಲ್ಲಿ ಊರೊಳಗೆ.

ವಿಷಯ: ಅನುಮೋದಿತ ಗರಿಷ್ಠ ಮಟ್ಟವನ್ನು ಮೀರಿ ಹರಿಯುತ್ತಿರುವ ಕುರಿತು.

ಉಲ್ಲೇಖ: ತಮ್ಮ 2005, 2019 ಹಾಗೂ 2021ನೇ ಸಾಲಿನ ಪ್ರವಾಹಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಐವತ್ತು ಅಥವಾ ನೂರು ವರ್ಷಕ್ಕೊಮ್ಮೆ ಬರತಕ್ಕ ಪ್ರವಾಹವನ್ನು ಆಧರಿಸಿ ಸೇತುವೆಯನ್ನು ವಿನ್ಯಾಸಗೊಳಿಸಲು ಕ್ರಮ ವಹಿಸಲಾಗಿರುತ್ತದೆ. ಆದಾಗ್ಯೂ ತಾವು ಸದರಿ ಅವಧಿಯನ್ನು ಪಾಲಿಸದೆ, ಪೂರ್ವಾನುಮತಿ ಪಡೆಯದೆ, ಪದೇ ಪದೇ ಹಾಜರಾಗಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಇದರಿಂದ ಯೋಜನಾ ವರದಿಯನ್ನು ಪರಿಷ್ಕರಿಸಬೇಕಾಗಿ ಬಂದು ಸರ್ಕಾರಕ್ಕೆ ಆರ್ಥಿಕ ಹೊರೆ ಉಂಟಾಗಿರುತ್ತದೆ. ಈ ನೋಟಿಸ್ ತಲುಪಿದ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ, ಹಳೆಯ ಮಟ್ಟವನ್ನೇ ಏಕಪಕ್ಷೀಯವಾಗಿ ಅಂತಿಮಗೊಳಿಸಲಾಗುವುದು.

ಪ್ರತಿಯನ್ನು ದೂಧಗಂಗೆ, ವೇದಗಂಗೆಯರಿಗೆ ಮಾಹಿತಿಗಾಗಿ ಕಳುಹಿಸಿದೆ.

ನದಿ ಇದಕ್ಕೆ ಬಗ್ಗದಿದ್ದರೆ ಇನ್ನೊಂದು ಇಲಾಖೆ ಇದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪ್ರಕಾರ ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳಿವೆ. ಭೀಮಾ, ಘಟಪ್ರಭಾ, ಮಲಪ್ರಭಾ, ತುಂಗಭದ್ರಾ ಎಲ್ಲ ಆ ಪಟ್ಟಿಯಲ್ಲಿವೆ. ಜಲಮಾರ್ಗ ಎಂದು ಘೋಷಿತವಾದ ಭಾಗದಲ್ಲಿ ಸೇತುವೆ ಕಟ್ಟುವವರು ಒಳನಾಡು ಜಲಮಾರ್ಗ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕೆಳಗೆ ಹಡಗು ಹಾಯುವಷ್ಟು ಜಾಗ ಇದೆಯೇ ಎಂದು. ಏಪ್ರಿಲ್‌ನಲ್ಲಿ ಭೀಮೆಯ ಪಾತ್ರಕ್ಕೆ ಇಳಿದರೆ ಹುಡುಗರು ಸ್ಟಂಪ್ ನೆಟ್ಟು ಕ್ರಿಕೆಟ್ ಆಡುತ್ತಿರುತ್ತಾರೆ. ಅವರಿಗೆ ತಾವು ರಾಷ್ಟ್ರೀಯ ಜಲಮಾರ್ಗದ ನಟ್ಟನಡುವೆ ನಿಂತು ಬೌಲಿಂಗ್ ಮಾಡುತ್ತಿದ್ದೇವೆ ಎಂಬ ಅರಿವಿಲ್ಲ. ಸೇತುವೆಯ ಮೇಲೆ ಬಸ್ಸು ಯಾವಾಗ ಬರುತ್ತದೋ ಹೇಳಲಾಗದು, ಕೆಳಗೆ ಹಡಗು ಬಂದರೆ ಅದಕ್ಕೆ ತಲೆ ತಾಗದ ಹಾಗೆ ವ್ಯವಸ್ಥೆಯಂತೂ ಇರಲೇಬೇಕು.

ನಗೆ ಸಾಕು ಅನಿಸುವುದು ಭೂಸ್ವಾಧೀನದ ಹಂತಕ್ಕೆ ಬಂದಾಗ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ 3ಎ ಎಂದರೆ ನಿಮ್ಮ ಜಮೀನು ಬೇಕು ಎಂಬ ಅಧಿಸೂಚನೆ, 3ಡಿ ಎಂದರೆ ತೆಗೆದುಕೊಂಡೆವು ಎಂಬ ಘೋಷಣೆ. 3ಎ ಆದ ಒಂದು ವರ್ಷದೊಳಗೆ 3ಡಿ ಆಗದಿದ್ದರೆ 3ಎ ತಾನಾಗಿ ಬಿದ್ದುಹೋಗುತ್ತದೆ. ರೈತನಿಗೆ ರಕ್ಷಣೆ ಇರಲೆಂದು ಇಟ್ಟ ಕಲಮು. ಬಿದ್ದುಹೋದ ಮೇಲೆ ಮತ್ತೆ ಹೊಸ 3ಎ ಹೊರಡಿಸಬಾರದೆಂದು ಅದರಲ್ಲೇನೂ ಹೇಳಿಲ್ಲ. ಹೀಗಾಗಿ ಸೇತುವೆಯ ಕೂಡುರಸ್ತೆ ಹಾಯುವ ಹೊಲದಲ್ಲಿ ಗಡಿಕಲ್ಲು ನೆಟ್ಟಿದ್ದು ನೆಟ್ಟಂತೆಯೇ ಇರುತ್ತದೆ. ಹೊಲದವನು ಅಲ್ಲಿ ಬೋರು ಕೊರೆಸುವ ಹಾಗಿಲ್ಲ, ಮಾವಿನ ಸಸಿ ಇಡುವ ಹಾಗಿಲ್ಲ, ಬ್ಯಾಂಕಿನವರು ಪಹಣಿ ನೋಡಿ ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಪರಿಹಾರವೂ ಇಲ್ಲ, ಜಮೀನೂ ಇಲ್ಲ. ಮಗಳ ಮದುವೆಗೆಂದು ಮಾರಲು ಹೋದರೆ ಕೊಳ್ಳುವವನು ಮೊದಲು ಕಲ್ಲಿನ ಕಡೆ ಕೈ ತೋರಿಸುತ್ತಾನೆ.

ಹೊಸ ಸೇತುವೆಗಳು ಆಗುವುದೇ ಇಲ್ಲವೇ? ಆಗುತ್ತವೆ. ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಹಿನ್ನೀರು 1964ರಲ್ಲಿ ತುಮರಿ ಕಡೆಯವರ ದಾರಿ ಕಡಿದಿತ್ತು, 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಗಿಯೇ ಹೋಯಿತು. ನಾಡಿಗೆ ಬೆಳಕು ಕೊಟ್ಟವರು ಅಷ್ಟೂ ವರ್ಷ ಲಾಂಚಿಗೆ ಕಾದರು. ಸೇತುವೆ ತೆರೆದ ದಿನದ ದೊಡ್ಡ ಸುದ್ದಿ ಮಾತ್ರ ಅವರದಲ್ಲ, ಮುಖ್ಯಮಂತ್ರಿಗಳಿಗೆ ಆಹ್ವಾನ ಸರಿಯಾದ ಸಮಯಕ್ಕೆ ತಲುಪಿತೋ ಇಲ್ಲವೋ ಎಂಬುದು. ಅರವತ್ತೊಂದು ವರ್ಷ ತಡವಾದದ್ದಕ್ಕೆ ಯಾರೂ ಯಾರಿಗೂ ಪತ್ರ ಬರೆಯಲಿಲ್ಲ.

ಕಾರವಾರದಲ್ಲಿ ಇನ್ನೊಂದು ಬಗೆಯ ಮೇಲ್ದರ್ಜೆ ನೋಡಿದ್ದೇವೆ. ಹೆದ್ದಾರಿ 66 ಚತುಷ್ಪಥವಾಗುವಾಗ ಕಾಳಿ ನದಿಗೆ ಪಕ್ಕದಲ್ಲೊಂದು ಹೊಸ ಸೇತುವೆ ಕಟ್ಟಿ, ಹಳೆಯದನ್ನೂ ಒಂದು ದಿಕ್ಕಿಗೆ ಬಳಸಿಕೊಂಡರು. ಎರಡು ಹೊಸ ಪಥ, ಎರಡು ಹಳೆಯ ಪಥ, ಕೂಡಿದರೆ ನಾಲ್ಕು, ಗಣಿತದಲ್ಲಿ ತಪ್ಪಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಎರಡು ಪಥಗಳು ನದಿಗೆ ಬಿದ್ದವು, ಜೊತೆಗೊಂದು ಲಾರಿ. ಚಾಲಕ ಬದುಕಿ ಬಂದದ್ದು ಅವನ ಪುಣ್ಯ. ಆಮೇಲೆ ಹೊಸ ಸೇತುವೆಯಲ್ಲೇ ಎರಡೂ ದಿಕ್ಕಿನ ಓಡಾಟ.

ಅಳತೆಯ ವಿಚಾರದಲ್ಲಿ ನನಗೆ ಭರವಸೆ ಮೂಡಿಸಿದ್ದು ಭೋಪಾಲ್. ಅಲ್ಲಿನ ಐಶ್‌ಬಾಗ್ ರೈಲ್ವೆ ಮೇಲ್ಸೇತುವೆ ತೊಂಬತ್ತು ಡಿಗ್ರಿ ತಿರುಗಿಕೊಂಡಿದೆ ಎಂದು 2025ರ ಜೂನ್‌ನಲ್ಲಿ ದೇಶವೆಲ್ಲ ನಕ್ಕಿತು, ಏಳು ಇಂಜಿನಿಯರುಗಳು ಅಮಾನತಾದರು. ಬಳಿಕ ಹೈಕೋರ್ಟಿನ ಮುಂದೆ ತಜ್ಞರು ಅಳೆದು ಹೇಳಿದ್ದು, ತಿರುವು ತೊಂಬತ್ತಲ್ಲ, 118ರಿಂದ 119 ಡಿಗ್ರಿ. ಕಣ್ಣಿಗೆ ಕಂಡದ್ದನ್ನು ನಂಬಬಾರದು, ಸಮಿತಿ ಅಳೆಯಬೇಕು. ನಮ್ಮ ಸೇತುವೆಗಳ ಬಗ್ಗೆಯೂ ಹೀಗೇ ಆಗಲಿ ಎಂಬುದು ನನ್ನ ಮನವಿ. ಬರುವ ಜುಲೈನಲ್ಲಿ, ಸೇತುವೆ ಮುಳುಗಿದೆಯೇ ಅಥವಾ ನೀರು ಮೇಲೆ ಬಂದಿದೆಯೇ ಎಂಬುದನ್ನು ತಜ್ಞರ ಸಮಿತಿ ಸ್ಥಳಕ್ಕೆ ಹೋಗಿ ನಿಷ್ಕರ್ಷಿಸಲಿ. ಎರಡೂ ದಂಡೆಯಿಂದ ಅಳೆಯಬೇಕಾದ್ದರಿಂದ ಸದಸ್ಯರು ಆಚೆ ದಂಡೆಗೂ ಹೋಗಬೇಕಾಗುತ್ತದೆ. ದಾರಿ ಬಂದ್ ಇರುವುದರಿಂದ ಸುತ್ತು ಬಳಸಿ ಬರಬೇಕು, ಆ ಹೆಚ್ಚುವರಿ ಕಿಲೋಮೀಟರುಗಳಿಗೆ ನಿಯಮಾನುಸಾರ ಪ್ರಯಾಣ ಭತ್ಯೆ ಉಂಟು. ಅದೇ ಸುತ್ತಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಟವನ ಬೈಕು ಅವರಿಗೆ ಎದುರಾದರೆ, ಗಣತಿಯಲ್ಲಿ ಅದನ್ನು ಅರ್ಧ ಎಂದು ಹಿಡಿಯಲಿ.