ಎತ್ವ ಕೊಟ್ಟ ಏಟು

ನಮ್ಮ ಕಾಲದಲ್ಲಿ ಇನ್‌ಸ್ಟಾಲ್ ಮಾಡುವುದು ಅಂದರೆ ಡ್ರಾಯಿಂಗ್ ಬೋರ್ಡಿನ ಮೇಲೆ ಶೀಟ್ ಹಾಸಿ, ಮೂಲೆಗೆ ಕ್ಲಿಪ್ ಹಾಕಿ, ಮಿನಿ ಡ್ರಾಫ್ಟರಿನ ತಿರುಪು ಬಿಗಿ ಮಾಡುವುದು. ತಿರುಪು ಸಡಿಲವಾದರೆ ಗೆರೆ ಸೊಟ್ಟಗಾಗುತ್ತಿತ್ತು. ಮೇಷ್ಟ್ರು ಬೈಯುತ್ತಿದ್ದರು. ಆದರೆ ಬೋರ್ಡು ಯಾವತ್ತೂ ನನಗೆ 1603 ಅಂತ ಹೇಳಿದ್ದಿಲ್ಲ.

ಮಗಳ ಸಾಫ್ಟ್‌ವೇರ್ ಹೇಳಿತು. ಅವಳದು ಸಿವಿಲ್, ಐದನೇ ಸೆಮಿಸ್ಟರ್. ತೊಲೆ, ಕಂಬಗಳ ಮೇಲೆ ಭಾರ ಹೊರಿಸಿ, ಎಲ್ಲಿ ಎಷ್ಟು ಬಾಗುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಅದು. ವಿದ್ಯಾರ್ಥಿಗಳಿಗೆ ಬಿಟ್ಟಿ. ಬಿಟ್ಟಿಯಾದರೂ ಏಳು ಜಿಬಿ. ರಾತ್ರಿಯೆಲ್ಲ ನನ್ನ ಮೊಬೈಲಿನ ಹಾಟ್‌ಸ್ಪಾಟಿನಿಂದ ಇಳಿಯಿತು. ಬೆಳಗ್ಗೆ ಕಾಫಿ ಕುಡಿಯುತ್ತಾ ಇಬ್ಬರೂ ಪರದೆಯ ಮುಂದೆ ಕೂತೆವು. ಹಸಿರು ಪಟ್ಟಿ ನಿಧಾನಕ್ಕೆ ಮುಕ್ಕಾಲು ದಾಟಿತು, ತುದಿಯ ಹತ್ತಿರ ಬಂತು, ನಿಂತಿತು. ಆಮೇಲೆ ಹಿಂದಕ್ಕೆ ಹೊರಟಿತು.

ಈ ಹಿಂದಕ್ಕೆ ಹೋಗುವ ಪಟ್ಟಿಯನ್ನು ನೋಡದವರಿಗೆ ಆ ಸಂಕಟ ಹೇಳುವುದು ಕಷ್ಟ. ಕೊನೇ ಪಂಕ್ತಿಯವರು ಇನ್ನೂ ಮಜ್ಜಿಗೆಗೆ ಕಾಯುತ್ತಿರುವಾಗ ಶಾಮಿಯಾನದವರು ಬಂದು ಕಂಬ ಕೀಳುತ್ತಾರಲ್ಲ, ಹಾಗೆ. ತಾನು ತಂದು ಹಾಕಿದ್ದ ಒಂದೊಂದೇ ಫೈಲನ್ನು ಅದೇ ಎತ್ತಿಕೊಂಡು ಹೋಯಿತು. ಕೊನೆಗೆ ಒಂದು ಚೀಟಿ ಬಿಟ್ಟಿತು: ಎರರ್ 1603, ಫೇಟಲ್. 'ಅಂದ್ರೆ ಯಾರು ಸತ್ರು?' ಅಂತ ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು.

ವಿಂಡೋಸಿನ ಇನ್‌ಸ್ಟಾಲರ್ ಕೊಡುವ ಈ ನಂಬರುಗಳು ನೋಡಲು ಇಸವಿಗಳ ಹಾಗೇ ಇರುತ್ತವೆ. 1610 ಅಂದರೆ ನಮಗೆ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ ವರ್ಷ. ಇನ್‌ಸ್ಟಾಲರಿಗೆ, ಈ ಸಾಫ್ಟ್‌ವೇರಿನ ದಾಖಲೆ ಕೆಟ್ಟಿದೆ ಅಂತ. 1618 ಅಂದರೆ ಒಳಗೆ ಇನ್ನೊಂದು ಇನ್‌ಸ್ಟಾಲ್ ನಡೀತಿದೆ, ಸ್ವಲ್ಪ ತಡಿ. 1603 ಅಂದರೆ ಏನೋ ಕೆಟ್ಟಿತು, ಅಷ್ಟೇ. ಡಾಕ್ಟರ ಹತ್ತಿರ ಹೋದರೆ 'ನಿಮಗೆ ಹುಷಾರಿಲ್ಲ' ಅಂತ ಚೀಟಿ ಬರೆದು ಕೊಟ್ಟಂತೆ.

ಮನೆಮದ್ದೆಲ್ಲ ಮಾಡಿದೆವು. ರೀಸ್ಟಾರ್ಟ್ ಮಾಡಿದೆವು. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದೆವು. ಆಂಟಿವೈರಸ್ಸನ್ನು ಅರ್ಧ ಗಂಟೆ ಮಲಗಿಸಿದೆವು. ಡಿಸ್ಕಿನಲ್ಲಿ ಜಾಗ ಇಲ್ಲವೇನೋ ಅಂತ ನಮ್ಮ ಅಣ್ಣನ ಮಗನ ಮದುವೆಯ ವಿಡಿಯೊ ಅಳಿಸಿದೆವು. (ಇದನ್ನು ಅಣ್ಣನಿಗೆ ಇನ್ನೂ ಹೇಳಿಲ್ಲ.) ಕಂಪ್ಯೂಟರ್ ಮಾರಿದ ಅಂಗಡಿಯ ಹುಡುಗನಿಗೆ ಫೋನ್ ಮಾಡಿದರೆ, 'ಫಾರ್ಮ್ಯಾಟ್ ಹೊಡೆದ್ಬಿಡೋಣ ಸಾರ್' ಅಂದ. ಅವನ ಹತ್ತಿರ ಇರುವ ಔಷಧ ಅದೊಂದೇ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಾಗಲೂ ಅವನು ಅದನ್ನೇ ಹೇಳಿದ್ದ.

ನಡುವೆ ನಾನೊಂದು ಘನಕಾರ್ಯ ಮಾಡಿದೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ ಅನ್ನುವ ಹೆಸರಿನವು 2008, 2010, 2012, 2013 ಅಂತ ಸಾಲಾಗಿ ಕೂತಿದ್ದವು. ಕೆಲವು ಎರಡೆರಡು ಬಾರಿ. ಹಳೇದೆಲ್ಲ ಯಾಕೆ ಅಂತ ಕಿತ್ತು ಹಾಕಿದೆ. ಚೆನ್ನಾಗಿ ಓಡುತ್ತಿದ್ದ ಬೇರೆ ಎರಡು ಸಾಫ್ಟ್‌ವೇರ್ ಆ ಕ್ಷಣವೇ ಮಲಗಿದವು. ಆಮೇಲೆ ತಿಳಿಯಿತು, ಅವು ಬೇರೆ ಸಾಫ್ಟ್‌ವೇರ್ ಓಡಲು ಬೇಕಾದ ಬಿಡಿಭಾಗಗಳು, ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಹೊಸ ಕುಕ್ಕರಿನ ಗ್ಯಾಸ್ಕೆಟ್ ಹಳೇ ಕುಕ್ಕರಿಗೆ ಕೂರುವುದಿಲ್ಲ. ಎರಡೆರಡು ಇರುವುದು 32 ಬಿಟ್‌ಗೆ ಒಂದು, 64 ಬಿಟ್‌ಗೆ ಒಂದು. ಮತ್ತೆ ಎಲ್ಲವನ್ನೂ ತಂದು ಹಾಕುವಷ್ಟರಲ್ಲಿ ಭಾನುವಾರ ಮುಗಿದಿತ್ತು.

ಸೋಮವಾರ ರಾತ್ರಿ ಮಗಳು ಲಾಗ್ ಫೈಲ್ ತೆಗೆದಳು. ಇನ್‌ಸ್ಟಾಲರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಡೈರಿ ಅದು. ಸಾವಿರಾರು ಸಾಲು. ನಾನು ಮೊದಲನೇ ಸಾಲಿನಿಂದ ಓದಲು ಕೂತೆ. ಅವಳು ನಕ್ಕು, 'ಅಪ್ಪಾ, ಇದನ್ನ ಹಾಗೆ ಓದಬಾರದು. ರಿಟರ್ನ್ ವ್ಯಾಲ್ಯೂ 3 ಅಂತ ಹುಡುಕಬೇಕು' ಅಂದಳು. 1 ಅಂದರೆ ಆ ಕೆಲಸ ಸಲೀಸಾಗಿ ಮುಗಿಯಿತು. 3 ಅಂದರೆ ಅಲ್ಲೇ ಮುಗ್ಗರಿಸಿತು. ಅದರ ಮೇಲಿನ ನಾಲ್ಕಾರು ಸಾಲಿನಲ್ಲೇ ಕಳ್ಳ ಇರುತ್ತಾನೆ.

ಇದ್ದ. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ '???', ಅದರೊಳಗೆಲ್ಲೋ ಟೆಂಪ್. ಈ ವಿಳಾಸಕ್ಕೆ ಹೋಗಿ ಒಂದು ಫೈಲ್ ಇಡಲು ನೋಡಿದೆ, ಜಾಗ ಸಿಗಲಿಲ್ಲ ಅಂತ ಬರೆದಿತ್ತು.

'ಈ ಮೂರು ಪ್ರಶ್ನೆ ಚಿಹ್ನೆ ಏನಪ್ಪಾ?'

ನನಗೆ ಎದೆ ಧಸಕ್ ಅಂದಿತು. ಈ ಕಂಪ್ಯೂಟರ್ ತಂದದ್ದು ಮೂರು ವರ್ಷದ ಹಿಂದೆ, ನವೆಂಬರ್ 1ಕ್ಕೆ. ಬೀದಿಯಲ್ಲಿ ತಾಯಿ ಭುವನೇಶ್ವರಿಯ ಮೆರವಣಿಗೆ, ಡೊಳ್ಳು. ಅಂಗಡಿಯ ಹುಡುಗ, 'ಅಕೌಂಟಿಗೆ ಏನು ಹೆಸರು ಹಾಕ್ಲಿ ಸಾರ್?' ಅಂತ ಕೇಳಿದ್ದ. ಡೊಳ್ಳಿನ ಗುಂಗಿನಲ್ಲಿದ್ದ ನಾನು, 'ಕನ್ನಡದಲ್ಲಿ ಹಾಕಪ್ಪ. ಮನೆ ಅಂತ ಹಾಕು' ಅಂದಿದ್ದೆ. ಹಾಕಿದ್ದ. ಆ ಹೆಸರಿನಲ್ಲೇ ಫೋಲ್ಡರ್ ಹುಟ್ಟಿತ್ತು.

ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ನಂಬರು ಹಂಚುವ ಯೂನಿಕೋಡ್ ಅನ್ನುವ ಬಡಾವಣೆಯಲ್ಲಿ 1991ರಲ್ಲೇ ನಮಗೆ 128 ಸೈಟು ಮಂಜೂರಾಗಿದೆ. ಕೆಲವು ಇನ್ನೂ ಖಾಲಿ ಇವೆ. ವಿಂಡೋಸಿಗೂ ಆ ಬಡಾವಣೆಯ ದಾರಿ ಚೆನ್ನಾಗಿ ಗೊತ್ತು. ದಾರಿ ಗೊತ್ತಿಲ್ಲದ್ದು ಈ ಇನ್‌ಸ್ಟಾಲರಿನೊಳಗಿನ ಯಾವುದೋ ಹಳೇ ತುಂಡಿಗೆ. ಅದು ಯೂನಿಕೋಡಿಗೆ ಮುಂಚಿನ ಕಾಲದ ಅಕ್ಷರಪಟ್ಟಿ ಹಿಡಿದುಕೊಂಡು ಓಡಾಡುತ್ತಿತ್ತು. ವಿಂಡೋಸಿನ ಆ ಹಳೇ ಪಟ್ಟಿಗಳಲ್ಲಿ ರಷ್ಯನ್ ಇದೆ, ಗ್ರೀಕ್ ಇದೆ, ಥಾಯ್ ಇದೆ. ಕನ್ನಡ ಇಲ್ಲ. ತನಗೆ ಗೊತ್ತಿಲ್ಲದ ಅಕ್ಷರ ಕಂಡಲ್ಲೆಲ್ಲ ಅದು ಒಂದು ಪ್ರಶ್ನೆ ಚಿಹ್ನೆ ಒತ್ತುತ್ತದೆ. ತಮಾಷೆ ಏನೆಂದರೆ, ವಿಂಡೋಸಿನಲ್ಲಿ ಫೈಲಿನ ಹೆಸರಿಗೆ ಒಂಬತ್ತು ಚಿಹ್ನೆಗಳು ನಿಷಿದ್ಧ. ಅದರಲ್ಲಿ ಪ್ರಶ್ನೆ ಚಿಹ್ನೆಯೂ ಒಂದು. ಅಂದರೆ ಅದು ಹುಡುಕುತ್ತಿದ್ದ ಮನೆ ಈ ಭೂಮಿಯ ಮೇಲೆ ಇರಲು ಸಾಧ್ಯವೇ ಇರಲಿಲ್ಲ.

'ಮನೆ ಅಂದ್ರೆ ಎರಡೇ ಅಕ್ಷರ ಅಲ್ವಾ, ಮೂರು ಚಿಹ್ನೆ ಯಾಕೆ ಬಂತು?' ಅಂದೆ. ನನ್ನ ಮಟ್ಟಿಗೆ ಇದು ಸಾಫ್ಟ್‌ವೇರಿಗಿಂತ ದೊಡ್ಡ ಪ್ರಶ್ನೆ. ಉತ್ತರ ಸಿಕ್ಕಿದ್ದು ಒಂದನೇ ಕ್ಲಾಸಿನ ಕಾಗುಣಿತದಲ್ಲಿ. ನ ಎತ್ವ ನೆ. ಕಂಪ್ಯೂಟರ್ ಇವತ್ತಿಗೂ ಹಾಗೇ ಬರೆದಿಟ್ಟುಕೊಳ್ಳುತ್ತದೆ. ಮ ಒಂದು, ನ ಒಂದು, ಎತ್ವ ಒಂದು. ಬೆತ್ತ ಹಿಡಿದು ನಮಗೆ ಎತ್ವ, ಐತ್ವ ಕಲಿಸಿದ ಮೇಷ್ಟ್ರು ಯೂನಿಕೋಡಿನವರಿಗಿಂತ ಮೊದಲೇ ಅಕ್ಷರ ಬಿಡಿಸಿ ಎಣಿಸಿದ್ದರು.

ರೋಗ ಗೊತ್ತಾದ ಮೇಲೂ ನಾನು ಒಂದು ತಪ್ಪು ಮಾಡಿದೆ. ಸೆಟ್ಟಿಂಗಿಗೆ ಹೋಗಿ ಅಕೌಂಟಿನ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದೆ. ಪರದೆಯ ಮೇಲೆ ಬದಲಾಯಿತು, ಒಳಗಿನ ಫೋಲ್ಡರಿನ ಹೆಸರು ಅಲ್ಲಾಡಲಿಲ್ಲ. ಗೇಟಿನ ಬೋರ್ಡು ಬದಲಾಯಿಸಿದರೆ ಖಾತೆ ಬದಲಾಗುತ್ತದೆಯೇ? ಎಷ್ಟೋ ಮಂದಿಗೆ ಪ್ಲಾನು ಬರೆದುಕೊಟ್ಟ ನನಗೆ ಇದು ಹೊಳೆಯಬೇಕಿತ್ತು. ಹಳೇ ಅಕೌಂಟಿಗೆ ಹಳೇ ಹೆಸರನ್ನೇ ವಾಪಸ್ ಕೊಟ್ಟು, ಮಗಳು ಪಕ್ಕದಲ್ಲಿ ಹೊಸದೊಂದು ಅಕೌಂಟ್ ತೆರೆದಳು. ಅದಕ್ಕೂ ಮನೆ ಅಂತಲೇ ಹೆಸರು, ಆದರೆ ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ. ಈ ಸಲ ಪಟ್ಟಿ ಹಿಂದೆ ತಿರುಗಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಕೆಲಸ ಮುಗಿಯಿತು.

'ಅಪ್ಪಾ, ಇದನ್ನ ಇಂಗ್ಲಿಷಿನವರು ಮನೆ ಅಂತ ಓದಲ್ಲ ಗೊತ್ತಾ? ಮೇನ್ ಅಂತಾರೆ. ಕುದುರೆ ಕತ್ತಿನ ಜೂಲು!'

ಈಗ ಕಂಪ್ಯೂಟರ್ ಹಚ್ಚಿದರೆ ಎರಡು ಹೆಸರು ಕಾಣುತ್ತವೆ. ಒಂದು ಮನೆ, ಒಂದು ಜೂಲು. ನಾನು ಮನೆಯಲ್ಲಿ ಕೂತು ಇದನ್ನೆಲ್ಲ ಬರೆಯುತ್ತೇನೆ. ಅವಳು ಜೂಲಿನಲ್ಲಿ ಕೂತು ಕಟ್ಟಡ ಬಾಗಿಸುತ್ತಾಳೆ.

ನಿನ್ನೆ ಅವಳು ಮೊದಲ ತೊಲೆಯ ಲೆಕ್ಕ ಮುಗಿಸಿದಳು. ಎರಡು ತುದಿಗೆ ಆಧಾರ, ನಡುವೆ ಭಾರ. ಸರಿಯಾಗಿ ನಡುವಿನಲ್ಲಿ ಬಾಗಿತ್ತು. ಸೇವ್ ಮಾಡುವಾಗ ಹೆಸರು ಕೇಳಿತು. ಅವಳು ನನ್ನ ಕಡೆ ಒಂದು ಸಲ ನೋಡಿ, ಕನ್ನಡ ಕೀಬೋರ್ಡಿಗೆ ಬದಲಿಸಿ, 'ತೊಲೆ' ಅಂತ ಹೊಡೆದಳು. ನಾನು ಬೆರಳು ಮಡಿಚಿ ಎಣಿಸಿದೆ. ತ, ಒತ್ವ, ಲ, ಎತ್ವ. ನಾಲ್ಕು.