ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದರೆ ಬುಷ್ ಉಳಿಯುತ್ತದಾ ಮಾರಾಯ್ರೇ?

ಕಾರಿನ ಹಿಂದಿನ ಆಕ್ಸಲ್ ಬುಷ್, ಅಂದರೆ ಆಕ್ಸಲ್ ಕಾರಿನ ಬಾಡಿಯನ್ನು ಸೇರುವಲ್ಲಿರುವ ರಬ್ಬರ್ ತುಂಡು, ಒಂದೇ ಮಳೆಗಾಲಕ್ಕೆ ಹರಿದುಹೋಗುತ್ತದಾ? ನಮ್ಮದು ಹೋಯಿತು. ಮೇ ತಿಂಗಳಲ್ಲಿ ಇಲ್ಲೇ ಪೇಟೆಯ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಹೊಸತು ಹಾಕಿಸಿದ್ದು. ನವರಾತ್ರಿ ಹೊತ್ತಿಗೆ ಹಿಂದಿನಿಂದ ಮತ್ತೆ ಅದೇ ಧಡ್ ಧಡ್. ತಿರುವಿನಲ್ಲಿ ಕಾರಿನ ಹಿಂಭಾಗ ಒಂದು ಕ್ಷಣ ತಡವಾಗಿ ಬಂದ ಹಾಗೆ.

ಗ್ಯಾರೇಜಿನವರನ್ನು ಕೇಳಿದರೆ ‘ನಮ್ಮ ರೋಡ್ ಗೊತ್ತಲ್ಲ ಅಣ್ಣಾ’ ಅಂತ ನಗು. ರೋಡ್ ಗೊತ್ತುಂಟು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ತಲಪಾಡಿಯಿಂದ ಕಾಸರಗೋಡಿಗೆ ಸರ್ವೀಸ್ ರಸ್ತೆಯಲ್ಲಿ ಹೋದವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಕಂಪೆನಿಯಿಂದ ಬಂದ ಮೊದಲಿನ ಬುಷ್ ಅದೇ ಗುಂಡಿಗಳಲ್ಲಿ ವರ್ಷಗಟ್ಟಲೆ ಬಾಳಿತಲ್ಲ, ಅದಕ್ಕೆಂತ ಹೇಳುತ್ತೀರಿ?

ಮಂಗಳೂರಿನ ಒಂದು ಶೋರೂಮಿಗೂ ಹೋದೆ. ಎಸಿ ಕೋಣೆ, ಕಾಫಿ, ಎಲ್ಲಾ ಚಂದ. ‘ಬುಷ್ ಬಿಡಿಯಾಗಿ ಬರೋದಿಲ್ಲ ಸರ್, ಇಡೀ ಆಕ್ಸಲ್ ಬದಲಿಸಬೇಕು.’ ಚಪ್ಪಲಿಯ ಬಾರು ಕಿತ್ತರೆ ಕಾಲು ಬದಲಿಸಿ ಅಂದ ಹಾಗೆ! ಅಲ್ಲೇ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದ ಕೂಡಲೇ ಜೋಡಿ ಬುಷ್ ತೆಗೆದು ಮೇಜಿನ ಮೇಲೆ ಇಟ್ಟರು.

ಸಾಕಾಯಿತು. ಮನೆಯಂಗಳದಲ್ಲೇ ಬಿಚ್ಚಿದೆ, ಭಾವನೂ ಬಂದಿದ್ದರು. ಜಾಕಿ ಜಾರಿದರೆ ಅಂತ ಪಕ್ಕದ ಮನೆಯವರು ಕೆಂಪುಕಲ್ಲು ಕೊಡಲು ಬಂದರು, ಪಾಪ. ಕೆಂಪುಕಲ್ಲು ಯಾವಾಗ ಪುಡಿಯಾಗುತ್ತದೋ ದೇವರೇ ಬಲ್ಲ. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಕಾರಿನಡಿಗೆ ಯಾರೂ ಹೋಗಬಾರದು.

ಬುಷ್ ಕೈಗೆ ಬಂದಾಗ ನನ್ನ ಪಿತ್ತ ನೆತ್ತಿಗೇರಿತು. ರಬ್ಬರ್ ಸವೆದಿರಲಿಲ್ಲ. ಒಳಗಿನ ಉಕ್ಕಿನ ಕೊಳವೆಯಿಂದ ಅರ್ಧಚಂದ್ರದ ಆಕಾರಕ್ಕೆ ಕಿತ್ತುಬಂದಿತ್ತು, ಬೆರಳು ಒಳಗೆ ಹೋಗುವಷ್ಟು. ಎರಡೂ ಕಡೆ ಒಂದೇ ದಿಕ್ಕಿಗೆ ತಿರುಚಿ ಹರಿದದ್ದು. ಇದು ಗುಂಡಿಯ ಕೆಲಸ ಅಲ್ಲ ಸ್ವಾಮಿ, ಸ್ಪ್ಯಾನರಿನ ಕೆಲಸ.

ಈ ಬುಷ್‌ನ ಹೊರಗಿನ ಕೊಳವೆ ಆಕ್ಸಲಿನ ಕಣ್ಣಿಗೆ ಬಿಗಿಯಾಗಿ ಕೂತಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟ್ ಕಾರಿನ ಬಾಡಿಯ ಜೊತೆ ಕಚ್ಚಿಸುತ್ತದೆ. ನಡುವಿನ ರಬ್ಬರ್ ಮಾತ್ರ ತಿರುಚಿಕೊಂಡು ಮತ್ತೆ ನೆಟ್ಟಗಾಗಬೇಕು. ಲಿಫ್ಟಿನಲ್ಲಿ ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಕಾರು ಸುಮ್ನೆ ನಿಂತಿದ್ದರೂ ಹಾಗೆಯೇ. ಅದರ ಮೇಲೆ ಪ್ರತಿ ಗುಂಡಿಯ ಏಟು. ಹರಿಯದೆ ಇನ್ನೇನು? ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು, ಅಷ್ಟೇ. ಐದು ನಿಮಿಷ ಜಾಸ್ತಿ. ಅದಕ್ಕೂ ಪುರುಸೊತ್ತಿಲ್ಲ, ಒಟ್ರಾಶಿ ಕೆಲಸ.

ಅವರ ಐದು ನಿಮಿಷ ಉಳಿಸಿದ್ದಕ್ಕೆ ನನ್ನ ಇಡೀ ಭಾನುವಾರ ಹೋಯಿತು. ಕಡಲ ಗಾಳಿಗೆ ಹೊರಕೊಳವೆ ಅಷ್ಟರಲ್ಲೇ ತುಕ್ಕು ಹಿಡಿದು ಕೂತಿತ್ತು. ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ, ಆಕ್ಸಲಿಗೆ ಗಾಯವಾಗದ ಹಾಗೆ ಕೊಳವೆಯನ್ನಷ್ಟೇ ಉದ್ದಕ್ಕೆ ಸೀಳಬೇಕು. ಹೊಸದನ್ನು ಉದ್ದ ಬೋಲ್ಟು, ದಪ್ಪ ವಾಶರು, ಲೇತಿನಲ್ಲಿ ಕತ್ತರಿಸಿ ತಂದ ಪೈಪಿನ ತುಂಡು ಇಟ್ಟು ಎಳೆದು ಕೂರಿಸಿದೆವು. ಜಾರಲು ಸಾಬೂನು ನೀರು. ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳು. ಹೊಸ ರಬ್ಬರಿನಲ್ಲಿ ಬೇಕೆಂದೇ ಬಿಟ್ಟಿರುವ ಸೀಳು ಯಾವ ಕಡೆ ಬರಬೇಕೆಂದು ಗುರುತು ನೋಡಿ ಹಾಕಬೇಕು; ಗ್ಯಾರೇಜಿನವರು ಅದನ್ನೂ ನೋಡಿರಲಿಲ್ಲ, ಬಲಗಡೆಯದು ಓರೆಯಾಗಿತ್ತು.

ಕಾರು ಎತ್ತುವ ಮೊದಲೇ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಅಂತ ಟೇಪಿನಲ್ಲಿ ಅಳೆದಿಟ್ಟಿದ್ದೆ. ಕೊನೆಗೆ ಇನ್ನೊಂದು ಜಾಕಿಯಲ್ಲಿ ಆಕ್ಸಲನ್ನು ಅದೇ ಅಳತೆಗೆ, ಅಂದರೆ ಕಾರು ನೆಲದ ಮೇಲೆ ನಿಂತಾಗಿನ ಮಟ್ಟಕ್ಕೆ ತಂದು ಬೋಲ್ಟ್ ಬಿಗಿದೆ. ಲಿಫ್ಟು, ಪಿಟ್ಟು, ನಾಲ್ಕು ಹುಡುಗರು ಇರುವ ಗ್ಯಾರೇಜಿಗೆ ಇಷ್ಟು ಆಗುವುದಿಲ್ಲವಾ?

ಮರುದಿನ ಹಳೇ ಬುಷ್ ತಕ್ಕೊಂಡು ಹೋಗಿ ಅವರ ಮುಂದೆ ಇಟ್ಟೆ, ಮಜೂರಿ ವಾಪಸ್ ಕೊಡಿ ಅಂದೆ. ತಿರುಗಿಸಿ ತಿರುಗಿಸಿ ನೋಡಿದರು. ‘ಈಗ ರಬ್ಬರೇ ಒಳ್ಳೆದು ಬರೋದಿಲ್ಲ ಅಣ್ಣಾ. ಮುಂದಿನ ಸಲ ತನ್ನಿ, ಸ್ವಲ್ಪ ಕಮ್ಮಿ ಮಾಡಿ ಕೊಡುವ.’

ಮುಂದಿನ ಸಲ ಅಂತೆ!