‘ಏನೂ ಆಗಲ್ಲ, ಒಳಗೆ ತಗೋ’

ಪುಣೆಯ ಮಾಂಜರಿಯ ನಮ್ಮ ಸೊಸೈಟಿಯಲ್ಲಿ ಇವತ್ತು ಬೆಳಿಗ್ಗೆ ನೀರಿನ ಟ್ಯಾಂಕರ್ ಹೂತುಕೊಂಡಿತು. ಹಿಂದಿನ ಎಡಗಾಲಿ ಪೇವರ್ ಬ್ಲಾಕ್ ಸೀಳಿಕೊಂಡು ಅಚ್ಚಿನ ಮಟ ಇಳಿದಿತ್ತು. ಅದನ್ನು ತೆಗೆದು ಈಗಷ್ಟೇ ಮೇಲೆ ಬಂದು ಕೂತಿದ್ದೇನೆ. ಎರಡು ಕಪ್ ಚಹಾ ಆದರೂ ಸಿಟ್ಟು ಇಳಿದಿಲ್ಲ. ಎಲ್ಲರೂ ಸೇರಿ ಬೈದದ್ದು ಆ ಡ್ರೈವರ್ ಹುಡುಗನನ್ನು!

ಹುಡುಗ ವಿಜಯಪುರದ ಇಂಡಿ ಕಡೆಯವ. ಗೇಟಿನ ಹತ್ತಿರವೇ ಗಾಡಿ ನಿಲ್ಲಿಸಿ, ಇಳಿದು, ಕಾಲಿಂದ ನೆಲ ಒತ್ತಿ ನೋಡಿ ನನ್ನನ್ನು ಕೇಳಿದ: “ಅಣ್ಣಾರ, ಇಲ್ಲಿ ಪೈಪ್ ಹಾಕ್ಯಾರೇನ್ರೀ? ಮಣ್ಣ ಮೆತ್ತಗ ಅದ.” ನಾನು ಬಾಯಿ ತೆರೆಯುವಷ್ಟರಲ್ಲಿ ಕಮಿಟಿಯ ಹಿರಿಯರೊಬ್ಬರು “ಕಾಹೀ ಹೋತ್ ನಾಹೀ, ಘೇ ಪುಢೆ!” ಅಂತ ಕೈ ಬೀಸಿಯಾಗಿತ್ತು. ಏನೂ ಆಗಲ್ಲವಂತೆ! ಮಳೆಗೆ ಮುಂಚೆ ಅಲ್ಲೇ ಡ್ರೈನೇಜಿಗೆ ಅಗೆಸಿದ್ದು ಇದೇ ಕಮಿಟಿ. ಅಗೆದ ಕಪ್ಪು ಎರೆ ಮಣ್ಣನ್ನೇ ವಾಪಸ್ ಸುರಿದರು. ಗಟ್ಟಿಯಾಗಿ ಕೂರುವ ಮುರುಮ್, ಅಂದರೆ ಗರಸು ಮಣ್ಣು ಇಲ್ಲ, ಪದರ ಪದರವಾಗಿ ಗುದ್ದಿ ಕೂರಿಸಿದ್ದೂ ಇಲ್ಲ. ಮೇಲೆ ಕೆಂಪು ಹಳದಿ ಬ್ಲಾಕ್ ಜೋಡಿಸಿ ಫೋಟೋ ಹಾಕಿದರು.

ನಾನು ವಿಜಯಪುರ ಕಡೆಯ ಡೋಣಿ ಹೊಳೆಯ ಸಾಲಿನವನು, ಎರೆ ಮಣ್ಣು ನನಗೆ ಗೊತ್ತು. ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಮಳೆಯ ಮರುದಿನ ಎರೆ ಹೊಲಕ್ಕೆ ಖಾಲಿ ಬಂಡಿಯನ್ನೂ ಹೊಡೆಯುವುದಿಲ್ಲ ನಮ್ಮವರು. ಇಲ್ಲಿ ನೋಡಿದರೆ 10,000 ಲೀಟರ್ ನೀರು, ಅಂದರೆ ನೀರೇ 10 ಟನ್. ಗಾಡಿಯ ತೂಕ ಬೇರೆ. ಎರಡು ಆಕ್ಸಲಿನ ಲಾರಿಗೆ 2018ರಿಂದ ಒಟ್ಟು 18.5 ಟನ್ ತನಕ ಅನುಮತಿ ಇದೆ, ಅದರಲ್ಲಿ ಹೆಚ್ಚು ಭಾರ ಬೀಳುವುದು ಹಿಂದಿನ ಗಾಲಿಗಳ ಮೇಲೆಯೇ. ಹಾಲಿನ ಕೆನೆಯ ಮೇಲೆ ಒರಳುಕಲ್ಲು ಇಟ್ಟ ಹಾಗೆ!

ಹೂತ ಮೇಲೆ ಶುರುವಾಯಿತು ಪಂಡಿತರ ಸಭೆ. “ರೇಸ್ ಕೊಡು, ರೇಸ್ ಕೊಡು!” ಡಿಫರೆನ್ಷಿಯಲ್, ಅಂದರೆ ಎಡ ಬಲದ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಇರುವ ಗಾಡಿಯಲ್ಲಿ ಹಿಡಿತ ತಪ್ಪಿದ ಗಾಲಿಯೇ ಗಿರ್ರನೆ ತಿರುಗುತ್ತದೆ, ಗಟ್ಟಿ ನೆಲದಲ್ಲಿರುವ ಗಾಲಿ ಸುಮ್ಮನೆ ನಿಂತಿರುತ್ತದೆ. ರೇಸ್ ಕೊಟ್ಟಷ್ಟೂ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಹುಡುಗ ಬೇಡ ಬೇಡ ಅಂದ. ಕೇಳುವವರು ಯಾರು? ಕೊನೆಗೆ ರೇಸ್ ಕೊಟ್ಟ. ಹಿರಿಯರ ಬಿಳಿ ಪ್ಯಾಂಟಿನ ತುಂಬ ರಾಡಿ. ಸುಳ್ಳು ಯಾಕೆ ಹೇಳಲಿ, ಇಡೀ ಬೆಳಿಗ್ಗೆಯಲ್ಲಿ ನನಗೆ ಖುಷಿ ಆದದ್ದು ಅದೊಂದೇ ಕ್ಷಣ.

ಆಮೇಲೆ ಇನ್ನೊಬ್ಬ ಜಾಣರು ಭಾರ ಇಳಿಸೋಣ ಅಂತ ವಾಲ್ವ್ ತೆಗೆದರು. ಯೋಚನೆ ಸರಿ. ಆದರೆ ನೀರು ಬಿಟ್ಟದ್ದು ಅದೇ ಗಾಲಿಯ ಬುಡಕ್ಕೆ! ಪೈಪ್ ಹಚ್ಚಿ ದೂರ ಬಿಡಬೇಕು ಅಂತ ಕೂಗಿ ನನ್ನ ಗಂಟಲು ಹೋಯಿತು. ಕೊನೆಗೆ ಗಾಲಿಯ ಹಿಂದೆ ಇಳಿಜಾರಾಗಿ ಅಗೆದು, ಖಡಿ ಮತ್ತು ಸೆಂಟ್ರಿಂಗ್ ಹಲಗೆ ತುರುಕಿ, ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಜೆಸಿಬಿಯಿಂದ ಎಳೆಸಿದೆವು. ಬಿಗಿದ ವೈರ್ ರೋಪಿನ ಪಕ್ಕ ನಿಂತು ಮಕ್ಕಳನ್ನು ಎತ್ತಿಕೊಂಡು ವಿಡಿಯೋ ಮಾಡುವ ಅಪ್ಪಂದಿರಿಗೆ ಏನು ಹೇಳೋಣ? ಅದು ಕಡಿದು ಬಡಿದರೆ ಜೀವವೇ ಹೋದೀತು.

“ಡ್ರೈವರ್ ಅಲ್ಲವಾ, ನೆಲ ನೋಡಿಕೊಳ್ಳೋದು ಅವನ ಕೆಲಸ” ಅಂತ ಸೊಸೈಟಿಯ ಗ್ರೂಪಿನಲ್ಲಿ ಒಬ್ಬರು ಬರೆದಿದ್ದಾರೆ. ನೋಡಿದ್ದನಲ್ಲ ಮಾರಾಯ್ರೇ! ಬ್ಲಾಕಿನ ಕೆಳಗೆ ಏನಿದೆ ಅಂತ ಅವನಿಗೆ ಕನಸು ಬೀಳಬೇಕಿತ್ತೇ? 2024ರ ಸೆಪ್ಟೆಂಬರ್ 20ರಂದು ಇದೇ ಪುಣೆಯ ಬುಧವಾರ ಪೇಠೆಯಲ್ಲಿ, ಸಿಟಿ ಪೋಸ್ಟ್ ಆಫೀಸಿನ ಅಂಗಳದ ಬ್ಲಾಕ್ ಕುಸಿದು ಪಾಲಿಕೆಯ ಲಾರಿ ಹಿಂಬದಿಯಿಂದ ಇಡಿಯಾಗಿ ಗುಂಡಿಯೊಳಗೆ ಹೋಗಿತ್ತು. ಡ್ರೈವರ್ ಬದುಕಿದ್ದೇ ಪುಣ್ಯ. ಆ ವಿಡಿಯೋ ಫಾರ್ವರ್ಡ್ ಮಾಡಿ ನಕ್ಕವರೂ ಇವರೇ.

ಈಗ ಒಡೆದ ಬ್ಲಾಕಿನ ದುಡ್ಡನ್ನು ಹುಡುಗನ ಟ್ರಿಪ್ಪಿನ ಹಣದಲ್ಲಿ ಮುರಿದುಕೊಳ್ಳಬೇಕಂತೆ. ಕಮಿಟಿಯವರು ಇದನ್ನು ಓದುವುದಿಲ್ಲ ಅಂತ ಗೊತ್ತು, ಮರಾಠಿಯಲ್ಲೂ ಬರೆದು ಗ್ರೂಪಿಗೆ ಹಾಕುತ್ತೇನೆ. ಅವನ ಒಂದು ರೂಪಾಯಿ ಮುರಿದರೂ ಈ ತಿಂಗಳ ಮೆಂಟೆನನ್ಸ್ ನಾನು ಕೊಡುವುದಿಲ್ಲ. ಟ್ಯಾಂಕರ್ ಗೇಟಿನ ಹೊರಗಿನ ಡಾಂಬರಿನ ಮೇಲೇ ನಿಲ್ಲಲಿ, ಸಂಪಿನ ತನಕ ಉದ್ದದ ಪೈಪ್ ತಂದುಬಿಡೋಣ ಅಂತ ಹೋದ ವರ್ಷವೇ ಹೇಳಿದ್ದೆ. ಪೈಪಿಗೆ ಫಂಡ್ ಇಲ್ಲ ಅಂದಿದ್ದರು. ಜೆಸಿಬಿಯವನಿಗೆ ಮಾತ್ರ ಇವತ್ತು ನಗದು ಸಿಕ್ಕಿತು.